ಸ್ವಲೀನ ಮನಸ್ಸು ಬರೆಯುವ ಬಗೆ



ಇಪ್ಪತ್ತೇಳು ವರ್ಷಗಳ ಹಿಂದೆ, ಮಳೆಗಾಲದ ಒಂದು ಬೆಳಗ್ಗೆ, ರಾಣೇಬೆನ್ನೂರು ಕಡೆಯ ಹಳ್ಳಿಯೊಂದರಿಂದ ತಾಯಿಯೊಬ್ಬರು ತಮ್ಮ ಒಂಬತ್ತು ವರ್ಷದ ಮಗನನ್ನು ನಮ್ಮ ಚಿಕಿತ್ಸಾಲಯಕ್ಕೆ ಕರೆತಂದರು. ಬಾಲಕನ ಮಾತು ಹತ್ತಿಪ್ಪತ್ತು ಪದಗಳನ್ನು ಮೀರಿರಲಿಲ್ಲ. ಎದುರಿಗಿದ್ದವರ ಮುಖವನ್ನು ಅವನು ನೋಡುತ್ತಿರಲಿಲ್ಲ. ಆದರೆ ಅಕ್ಷರ ಬರುತ್ತಿತ್ತು. ಕಂಕುಳಲ್ಲಿ ನಾಲ್ಕು ನೋಟುಬುಕ್ಕುಗಳನ್ನು ಅವುಚಿಕೊಂಡಿದ್ದನು. ಅವುಗಳ ತುಂಬ ಊರ ಮುಂದೆ ಹಾದುಹೋಗುವ ಬಸ್ಸುಗಳ ಫಲಕದ ಮೇಲಿನ ಊರುಗಳು, ಬಸ್ಸು ಬಂದ ವೇಳೆ, ಬಸ್ಸಿನ ಸಂಖ್ಯೆ. ದಿನದ ಮೇಲೆ ದಿನ, ಪುಟದ ಮೇಲೆ ಪುಟ, ಒಂದು ಸಾಲೂ ಬಿಡದೆ ಬರೆದಿದ್ದನು.

“ಡಾಕ್ಟರ್ರೀ, ಇವನ ಈ ಬರಿಯೋ ಚಟ ಒಂದ ಬಿಡಸ್ರಿ. ಊಟ ಬಿಟ್ಟಾನು, ಬರಿಯೋದ ಬಿಡಂಗಿಲ್ಲ” ಎಂದು ಆ ತಾಯಿ ಸೆರಗಿನಿಂದ ಕಣ್ಣೊರಸಿಕೊಂಡರು.

ನಾವು ಸಾರಸ್ವತಾರಿಷ್ಟವನ್ನೂ ಬ್ರಾಹ್ಮೀಘೃತವನ್ನೂ ಕೊಟ್ಟೆವು. ಅಷ್ಟಕ್ಕೇ ಬಿಟ್ಟಿದ್ದರೆ ಹೆಚ್ಚಿನ ಹಾನಿಯಾಗುತ್ತಿರಲಿಲ್ಲ. “ಆ ಬುಕ್ಕುಗಳನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿರಿ, ಪೆನ್ಸಿಲು ಕೈಗೆ ಸಿಗದಂತೆ ನೋಡಿಕೊಳ್ಳಿರಿ” ಎಂದೂ ಹೇಳಿದೆವು. ಅವರು ನಮ್ಮನ್ನು ನಂಬಿ ಹಾಗೆಯೇ ಮಾಡಿದರು. ಎರಡು ತಿಂಗಳ ನಂತರ ಬಂದಾಗ ಬಾಲಕನು ಬಡವಾಗಿದ್ದನು. ಹಣೆಯ ಮೇಲೆ ಗೋಡೆಗೆ ಬಡಿದುಕೊಂಡ ಗಾಯದ ಕಲೆಯಿತ್ತು. ಇದ್ದ ಹತ್ತಿಪ್ಪತ್ತು ಮಾತುಗಳೂ ನಿಂತುಹೋಗಿದ್ದವು. ನಾವು ಔಷಧದ ಪ್ರಮಾಣವನ್ನು ಹೆಚ್ಚಿಸಿದೆವು. ಆ ಮೇಲೆ ಅವರು ಬರಲಿಲ್ಲ.

ಈ ಲೇಖನವನ್ನು ಬರೆಯುವುದಕ್ಕೆ ಆ ಬಾಲಕನೇ ಕಾರಣ. ಆಟಿಸಂ, ಕನ್ನಡದಲ್ಲಿ ಸ್ವಲೀನತೆ ಎಂದು ಕರೆಯಲಾಗುವ ಸ್ಥಿತಿಯ ಕುರಿತು ನಮ್ಮ ವಿದ್ಯಾರ್ಥಿ ದೆಸೆಯಲ್ಲಿ ಯಾರೂ ಪಾಠ ಹೇಳಿರಲಿಲ್ಲ. ಅಮೆರಿಕದಲ್ಲಿ ಲಿಯೊ ಕ್ಯಾನರ್ 1943ರಲ್ಲಿಯೂ, ವಿಯೆನ್ನಾದಲ್ಲಿ ಹ್ಯಾನ್ಸ್ ಆಸ್ಪರ್ಗರ್ 1944ರಲ್ಲಿಯೂ ಇಂಥ ಮಕ್ಕಳನ್ನು ವರ್ಣಿಸಿದ್ದರೂ, ಆ ಅರಿವು ನಮ್ಮ ತಾಲೂಕುಗಳಿಗೆ ತಲುಪಲು ಐವತ್ತು ವರ್ಷಗಳಿಗೂ ಮಿಕ್ಕಿ ಹಿಡಿದವು. 2021ರ ಲೆಕ್ಕದಂತೆ ಜಗತ್ತಿನಲ್ಲಿ ಸುಮಾರು 127 ಜನರಲ್ಲಿ ಒಬ್ಬರು ಸ್ವಲೀನರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅಂದರೆ ನಮ್ಮ ಪ್ರತಿ ದೊಡ್ಡ ಹಳ್ಳಿಯಲ್ಲಿಯೂ ಹಲವರಿದ್ದಾರೆ. ಇದು ಹುಟ್ಟಿನೊಡನೆ ಬರುವ, ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ. ತಾಯಿಯ ಆರೈಕೆಯ ದೋಷದಿಂದ ಬರುವುದಲ್ಲ. ಒಂದು ಕಾಲದಲ್ಲಿ ಪಾಶ್ಚಾತ್ಯ ವೈದ್ಯರೇ ‘ಮಮತೆಯಿಲ್ಲದ ತಾಯಂದಿರಿಂದ ಹೀಗಾಗುತ್ತದೆ’ ಎಂದು ಸಾರಿ ಅದೆಷ್ಟೋ ತಾಯಂದಿರನ್ನು ಅಳಿಸಿದರು. ಆ ಮಾತು ಸುಳ್ಳೆಂದು ಎಂದೋ ಸಿದ್ಧವಾಗಿದೆ.

ನಮ್ಮ ಆಯುರ್ವೇದ ಸಂಹಿತೆಗಳಲ್ಲಿ ಈ ಹೆಸರಿನ ವ್ಯಾಧಿ ಇಲ್ಲ. ಕೆಲವರು ಇದನ್ನು ಉನ್ಮಾದ ಪ್ರಕರಣದಲ್ಲಿ ಸೇರಿಸುತ್ತಾರೆ; ನಮಗೆ ಅದು ಒಪ್ಪಿಗೆಯಿಲ್ಲ. ಉನ್ಮಾದವೆಂದರೆ ಸ್ವಸ್ಥವಾಗಿದ್ದ ಮನಸ್ಸು ಕೆಡುವುದು. ಸ್ವಲೀನ ಮಗುವಿನ ಮನಸ್ಸು ಮೊದಲಿನಿಂದಲೂ ಬೇರೊಂದು ಬಗೆಯಲ್ಲಿ ಕಟ್ಟಲ್ಪಟ್ಟಿರುತ್ತದೆ. ಹೋಲಿಕೆ ಬೇಕಾದರೆ ವಿಕೃತಿಗಿಂತ ಪ್ರಕೃತಿ ಎಂಬ ಮಾತು ಹತ್ತಿರವಾದೀತು. ಹಾಗೆಂದು ಕಷ್ಟವಿಲ್ಲವೆಂದಲ್ಲ; ಮಾತು, ನಿದ್ರೆ, ಆಹಾರ, ಸದ್ದು, ಸ್ಪರ್ಶ ಎಲ್ಲದರಲ್ಲಿಯೂ ಕಷ್ಟವಿದೆ, ಕೆಲವರಿಗೆ ಜೀವನಪೂರ್ತಿ ಪರರ ಆಸರೆ ಬೇಕು. ಆದರೆ ಅದೇ ಕಟ್ಟೋಣದಿಂದ ಬರವಣಿಗೆಯೂ ಹೊರಟು ಬರುವುದುಂಟು. ಅದು ಹೇಗೆಂಬುದನ್ನು ನಾವು ತಿಳಿದದ್ದು ವೈದ್ಯಗ್ರಂಥಗಳಿಗಿಂತ ಹೆಚ್ಚಾಗಿ ಸ್ವಲೀನರೇ ಬರೆದ ಪುಸ್ತಕಗಳಿಂದ.

ಡ್ಯಾನಿಯಲ್ ಟ್ಯಾಮೆಟ್ ಎಂಬ ಇಂಗ್ಲಿಷ್ ಲೇಖಕರಿದ್ದಾರೆ. 1979ರ ಜನವರಿ 31ರಂದು ಲಂಡನ್ನಿನಲ್ಲಿ, ಒಂಬತ್ತು ಮಕ್ಕಳ ಸಾಧಾರಣ ಕುಟುಂಬದಲ್ಲಿ ಹಿರಿಯ ಮಗನಾಗಿ ಹುಟ್ಟಿದವರು. ಬಾಲ್ಯದಲ್ಲಿ ಅಪಸ್ಮಾರದ ಸೆಳವುಗಳಿದ್ದವು. ಶಾಲೆಯಲ್ಲಿ ಗೆಳೆಯರಿರಲಿಲ್ಲ. ತಾವು ಸ್ವಲೀನರೆಂಬುದು ಅವರಿಗೆ ನಿಶ್ಚಯವಾಗಿ ತಿಳಿದದ್ದು 25ನೆಯ ವಯಸ್ಸಿನಲ್ಲಿ, 2004ರಲ್ಲಿ. ಅದೇ ವರ್ಷ ಮಾರ್ಚ್ 14ರಂದು ಆಕ್ಸ್‌ಫರ್ಡಿನಲ್ಲಿ ‘ಪೈ’ ಎಂಬ ಗಣಿತ ಸಂಖ್ಯೆಯ 22,514 ಅಂಕಿಗಳನ್ನು 5 ಗಂಟೆ 9 ನಿಮಿಷಗಳ ಕಾಲ ನೆನಪಿನಿಂದಲೇ ಹೇಳಿ ಹೆಸರಾದರು. ಪತ್ರಿಕೆಗಳೆಲ್ಲ ಈ ಒಂದು ಸಾಹಸವನ್ನೇ ಎತ್ತಿ ಆಡಿದವು. ನಮಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು 2006ರಲ್ಲಿ ಅವರು ಪ್ರಕಟಿಸಿದ ‘ಬಾರ್ನ್ ಆನ್ ಎ ಬ್ಲೂ ಡೇ’ ಎಂಬ ಆತ್ಮಕಥೆಯ ಒಂದು ಪ್ರಸಂಗ.

ಎಂಟನೆಯ ವಯಸ್ಸಿನಲ್ಲಿ ಅವರಿಗೆ ಬರೆಯುವ ಹಂಬಲ ಹತ್ತಿತಂತೆ. ಕಂಪ್ಯೂಟರಿಗೆ ಬಳಸುವ ಉದ್ದನೆಯ ಕಾಗದದ ಸುರುಳಿಗಳ ಮೇಲೆ ಗಂಟೆಗಟ್ಟಲೆ, ಅಕ್ಷರಕ್ಕೆ ಅಕ್ಷರ ತಾಗುವಂತೆ ಒತ್ತಾಗಿ ಬರೆಯುತ್ತಿದ್ದರು. ಬರೆದದ್ದು ಏನು? ಒಂದು ಜಾಗದ ಬಣ್ಣ, ಆಕಾರ, ಮೇಲ್ಮೈಯ ನುಣುಪು ಒರಟುಗಳ ವರ್ಣನೆಯೇ ಪುಟಪೂರ್ತಿ. ಅದರಲ್ಲಿ ಸಂಭಾಷಣೆಯಿಲ್ಲ, ಪಾತ್ರಗಳ ಸುಖದುಃಖವಿಲ್ಲ. ಬೇರೆಯವರಾದರೆ ‘ಇದೇನು ಕಥೆ’ ಎಂದು ಹರಿದುಹಾಕುತ್ತಿದ್ದರು. ಬಡವರಾದ ಆ ತಂದೆತಾಯಿಗಳು ದೊಡ್ಡ ದೊಡ್ಡ ಸುರುಳಿಗಳನ್ನು ಕೊಂಡು ತಂದು ಕೊಟ್ಟರು.

ಈ ಪ್ರಸಂಗವನ್ನು ಓದಿದ ರಾತ್ರಿ ನಮಗೆ ನಿದ್ರೆ ಬರಲಿಲ್ಲವೆಂಬುದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ.

ಟ್ಯಾಮೆಟ್ಟರ ಮನಸ್ಸಿನಲ್ಲಿ ಇನ್ನೊಂದು ವಿಶೇಷವಿದೆ. ಅವರಿಗೆ ಪ್ರತಿಯೊಂದು ಸಂಖ್ಯೆಗೂ ಆಕಾರ, ಬಣ್ಣ, ಸ್ವಭಾವಗಳಿವೆ. ಒಂಬತ್ತು ಎತ್ತರವಾಗಿ ಬೆದರಿಸುವಂತಿದೆ. 37 ಗಂಟುಗಂಟಾದ ಗಂಜಿಯಂತೆ. 89 ಬೀಳುವ ಹಿಮದಂತೆ. ವಾರದ ದಿನಗಳಿಗೂ ಬಣ್ಣವುಂಟು. ಅವರು ಹುಟ್ಟಿದ ಬುಧವಾರ ನೀಲಿ. ಪುಸ್ತಕದ ಹೆಸರು ಬಂದದ್ದು ಅಲ್ಲಿಂದಲೇ. ಒಂದು ಇಂದ್ರಿಯದ ಅನುಭವ ಇನ್ನೊಂದರೊಡನೆ ಬೆರೆಯುವ ಈ ಗುಣ ಸ್ವಲೀನರೆಲ್ಲರಿಗೂ ಇರುವುದಿಲ್ಲ, ಸ್ವಲೀನರಲ್ಲದವರಲ್ಲಿಯೂ ಕೆಲವರಿಗಿರುತ್ತದೆ. ಆದರೆ ಟ್ಯಾಮೆಟ್ಟರ ಬರವಣಿಗೆಗೆ ಅದೇ ಮೂಲದ್ರವ್ಯ. ನಮಗೆ ಪದವೆಂದರೆ ಅರ್ಥಕ್ಕೆ ಹೋಗುವ ದಾರಿ; ಅರ್ಥ ದೊರೆತೊಡನೆ ಪದವನ್ನು ಮರೆಯುತ್ತೇವೆ. ಅವರಿಗೆ ಪದವೇ ಒಂದು ವಸ್ತು. ಅದಕ್ಕೆ ತೂಕವುಂಟು, ಬಣ್ಣವುಂಟು, ಪಕ್ಕದ ಪದದೊಡನೆ ಹೊಂದಿಕೆ ಅಥವಾ ಜಗಳವುಂಟು. ಆದಕಾರಣ ಅವರು ಬರೆಯುವಾಗ ಮೊದಲು ಅಭಿಪ್ರಾಯವನ್ನು ಸಿದ್ಧಪಡಿಸಿ ಆಮೇಲೆ ಅಲಂಕರಿಸುವ ಕ್ರಮವಿಲ್ಲ. ಸಣ್ಣ ಸಣ್ಣ ವಿವರಗಳು ಒಂದಕ್ಕೊಂದು ಕೂಡಿಕೊಂಡು ಕೊನೆಗೆ ಅಭಿಪ್ರಾಯವಾಗುತ್ತವೆ.

ಇಲ್ಲಿ ದಿನಚರಿಯ ಮಾತೂ ಬರುತ್ತದೆ. ಆ ಆತ್ಮಕಥೆಯ ಕಾಲದಲ್ಲಿ ಅವರು ಬೆಳಗಿನ ಉಪಾಹಾರಕ್ಕೆ ಗಂಜಿಯನ್ನು ವಿದ್ಯುತ್ ತಕ್ಕಡಿಯಲ್ಲಿಟ್ಟು ಸರಿಯಾಗಿ 45 ಗ್ರಾಂ ತೂಗಿಕೊಳ್ಳುತ್ತಿದ್ದರು. ಮೈಮೇಲೆ ಎಷ್ಟು ಬಟ್ಟೆಗಳಿವೆಯೆಂದು ಎಣಿಸದೆ ಮನೆಯಿಂದ ಹೊರಡುತ್ತಿರಲಿಲ್ಲ. ನೋಡುವವರಿಗೆ ಇದು ಹುಚ್ಚಾಟ. ವೈದ್ಯನ ದೃಷ್ಟಿಯಿಂದ ನೋಡಿದರೆ ಅದರ ಕೆಲಸ ಬೇರೆ. ಸದ್ದು, ಬೆಳಕು, ಜನರ ಓಡಾಟ ಎಲ್ಲವೂ ಸೋಸದೆ ಒಳನುಗ್ಗುವ ಮನಸ್ಸಿಗೆ, ಬದಲಾಗದ ನಾಲ್ಕು ಸಂಗತಿಗಳು ನಾಲ್ಕು ಕಂಬಗಳಂತೆ. ಆ ಕಂಬಗಳ ನಡುವೆ ಕುಳಿತಾಗ ಬರೆಯಲು ಬೇಕಾದ ಶಾಂತಿ ದೊರೆಯುತ್ತದೆ. ದಿನಚರ್ಯೆಯ ಮಹತ್ವವನ್ನು ಆಯುರ್ವೇದ ವೈದ್ಯರಾದ ನಾವು ಎಲ್ಲರಿಗೂ ಬೋಧಿಸುತ್ತೇವೆ. ಸ್ವಲೀನ ಮಗು ತಾನೇ ಒಂದು ದಿನಚರ್ಯೆಯನ್ನು ಕಟ್ಟಿಕೊಂಡರೆ ಮಾತ್ರ ‘ಹಟಮಾರಿ’ ಎನ್ನುತ್ತೇವೆ!

ಎಂಟನೆಯ ವಯಸ್ಸಿನಲ್ಲಿ ಸಂಭಾಷಣೆಯೇ ಇಲ್ಲದ ಕಥೆ ಬರೆದ ಆ ಬಾಲಕನು ಮುಂದೆ 2016ರಲ್ಲಿ, ಕಲಿತ ಭಾಷೆಯಾದ ಫ್ರೆಂಚಿನಲ್ಲಿ, ಚದುರಂಗದ ಆಟಗಾರನೊಬ್ಬನ ಕುರಿತು ಕಾದಂಬರಿಯನ್ನೇ ಬರೆದನು. ಅಂದರೆ ಪರರ ಮನಸ್ಸನ್ನು ಅರಿಯುವುದು ಅವರಿಗೆ ಅಸಾಧ್ಯವಾಗಿರಲಿಲ್ಲ; ನಮಗೆ ಅಂಗಳದ ಆಟದಲ್ಲಿ ತಾನಾಗಿ ಬರುವುದನ್ನು ಅವರು ಗಮನಿಸಿ, ಓದಿ, ನಿಧಾನವಾಗಿ ಕಲಿಯಬೇಕಾಯಿತು. ಆಸ್ಟ್ರೇಲಿಯದ ಪ್ರಸಿದ್ಧ ಕವಿ ಲೆಸ್ ಮರ‍್ರೆ ತಾವೂ ಸ್ವಲೀನರೆಂದು ಹೇಳಿಕೊಂಡವರು. ಅವರ ಕವಿತೆಗಳನ್ನು ಫ್ರೆಂಚಿಗೆ ಅನುವಾದಿಸಿದವರೂ ಈ ಟ್ಯಾಮೆಟ್ಟರೇ.

ಇನ್ನೊಬ್ಬರು ಅಮೆರಿಕದ ಟೆಂಪಲ್ ಗ್ರ್ಯಾಂಡಿನ್. 1947ರಲ್ಲಿ ಜನಿಸಿದ ಈ ಮಹಿಳೆ ಮೂರೂವರೆ ವರ್ಷದವರೆಗೆ ಮಾತಾಡಲಿಲ್ಲ. ಮಗುವನ್ನು ಸಂಸ್ಥೆಯೊಂದರಲ್ಲಿ ಬಿಟ್ಟುಬಿಡಬೇಕೆಂಬ ಸಲಹೆ ಬಂದಾಗ ತಾಯಿ ಒಪ್ಪದೆ ಮಾತಿನ ಚಿಕಿತ್ಸೆ ಕೊಡಿಸಿದರು. ಮುಂದೆ ಆಕೆ ಪಶುವಿಜ್ಞಾನದ ಪ್ರಾಧ್ಯಾಪಕಿಯಾದರು. ಕಸಾಯಿಖಾನೆಗಳಲ್ಲಿ ದನಗಳಿಗೆ ಭಯ ನೋವುಗಳಾಗದಂತೆ ಓಣಿಗಳನ್ನು ರೂಪಿಸುವುದು ಅವರ ವೃತ್ತಿ. ಶಾಕಾಹಾರಿಗಳಾದ ನಮ್ಮ ಓದುಗರಿಗೆ ಇದು ಹಿತವೆನಿಸದಿರಬಹುದು, ನಮಗೂ ಹಿತವೆನಿಸಲಿಲ್ಲ. ಆದರೂ ದನದ ಕಣ್ಣಿನಿಂದ ಆ ಓಣಿಯನ್ನು ನೋಡಿ, ನೆರಳೊಂದು ಬಿದ್ದರೂ ಅದು ಏಕೆ ಬೆದರುತ್ತದೆಂದು ಮೊದಲು ಕಂಡವರು ಆಕೆ ಎಂಬುದನ್ನು ಮರೆಯಲಾಗದು.

1995ರ ‘ಥಿಂಕಿಂಗ್ ಇನ್ ಪಿಕ್ಚರ್ಸ್’ ಎಂಬ ಪುಸ್ತಕದಲ್ಲಿ ಅವರು ತಮ್ಮ ಆಲೋಚನೆಯೆಲ್ಲ ಚಿತ್ರಗಳಲ್ಲಿ ನಡೆಯುತ್ತದೆಂದೂ, ಪದಗಳು ತಮಗೆ ಎರಡನೆಯ ಭಾಷೆಯಿದ್ದಂತೆಂದೂ ವಿವರಿಸಿದ್ದಾರೆ. ಗೋಪುರ ಎಂದೊಡನೆ ನಮಗೆ ಯಾವುದೋ ಒಂದು ಸಾಮಾನ್ಯ ಗೋಪುರದ ಆಕಾರ ಮಸುಕಾಗಿ ಹೊಳೆಯುತ್ತದೆ. ಅವರಿಗೆ ತಾವು ಕಂಡ ಒಂದೊಂದು ಗೋಪುರವೂ ಸಾಲಾಗಿ ಬಂದು ನಿಲ್ಲುತ್ತದೆ. ಶಾಂತಿ, ಪ್ರಾಮಾಣಿಕತೆ ಮೊದಲಾದ ಕಣ್ಣಿಗೆ ಕಾಣದ ಸಂಗತಿಗಳಿಗೂ ಒಂದು ಚಿತ್ರ ಬೇಕು: ಶಾಂತಿಗೆ ಪಾರಿವಾಳ, ಪ್ರಾಮಾಣಿಕತೆಗೆ ನ್ಯಾಯಾಲಯದಲ್ಲಿ ಧರ್ಮಗ್ರಂಥದ ಮೇಲೆ ಕೈಯಿಟ್ಟು ನಿಂತ ಸಾಕ್ಷಿ. ಇಂಥವರು ಬರೆಯುವುದೆಂದರೆ ಒಳಗಿನ ಚಿತ್ರವನ್ನು ನೋಡುತ್ತ ಅದನ್ನು ಮಾತಿಗೆ ಇಳಿಸುವುದು. ತೊಂದರೆಯೂ ಅಲ್ಲಿಯೇ ಇದೆ. ಚಿತ್ರದಿಂದ ಚಿತ್ರಕ್ಕೆ ಮನಸ್ಸು ಹಾರುತ್ತದೆ. ಓದುಗನಿಗೆ ಬೇಕಾದ ಮೊದಲು, ಆಮೇಲೆ ಎಂಬ ಕ್ರಮ ತಪ್ಪುತ್ತದೆ. ಆದುದರಿಂದ ಅವರ ಅನೇಕ ಪುಸ್ತಕಗಳಲ್ಲಿ ಜೊತೆಗಾರ ಲೇಖಕರಿದ್ದಾರೆ. ಇದನ್ನು ಕೊರತೆಯೆಂದು ನಾವು ಎಣಿಸುವುದಿಲ್ಲ. ಕಣ್ಣು ಒಬ್ಬರದು, ಸಾಲು ಹಿಡಿಯುವ ಕೈ ಇನ್ನೊಬ್ಬರದು. ತಮ್ಮಂತೆಯೇ ಸ್ವಲೀನರೆಲ್ಲರೂ ಚಿತ್ರಗಳಲ್ಲಿ ಯೋಚಿಸುತ್ತಾರೆಂದು ಮೊದಲು ಭಾವಿಸಿದ್ದ ಅವರು, ಪುಸ್ತಕದ 2006ರ ಆವೃತ್ತಿಯಲ್ಲಿ ಆ ಮಾತನ್ನು ತಿದ್ದಿ, ಕೆಲವರು ಗಣಿತ ಸಂಗೀತಗಳ ವಿನ್ಯಾಸಗಳಲ್ಲಿಯೂ ಕೆಲವರು ಪದಗಳಲ್ಲಿಯೇ ಯೋಚಿಸುತ್ತಾರೆಂದು ಬರೆದರು. ತಪ್ಪನ್ನು ಅಚ್ಚಿನಲ್ಲಿಯೇ ತಿದ್ದಿಕೊಳ್ಳುವ ಧೈರ್ಯ ನಮ್ಮ ವೈದ್ಯವೃತ್ತಿಯಲ್ಲಿ ಅಪರೂಪ.

ಗ್ರ್ಯಾಂಡಿನ್ನರ ಮೊದಲ ಪುಸ್ತಕ 1986ರಲ್ಲಿ ಬಂದಾಗ, ನರರೋಗತಜ್ಞರೂ ಲೇಖಕರೂ ಆದ ಆಲಿವರ್ ಸ್ಯಾಕ್ಸ್ ಅದನ್ನು ನಂಬಲಿಲ್ಲ. ಸ್ವಲೀನರಿಗೆ ತಮ್ಮ ಒಳಗನ್ನು ತಾವೇ ನೋಡಿಕೊಳ್ಳುವ ಶಕ್ತಿಯೆಲ್ಲಿಯದು, ಇದು ಜೊತೆಗಾರ ಲೇಖಕಿಯ ಕೈವಾಡವಿರಬೇಕೆಂದು ಶಂಕಿಸಿದರು. ಆಮೇಲೆ ಆಕೆಯ ಇತರ ಬರಹಗಳನ್ನು ಓದಿ, ಎಲ್ಲೆಡೆ ಒಂದೇ ದನಿಯಿರುವುದನ್ನು ಕಂಡು, ತಮ್ಮ ಶಂಕೆ ತಪ್ಪೆಂದು ತಾವೇ ಬರೆದರು. ಅಷ್ಟು ದೊಡ್ಡ ವೈದ್ಯರಿಗೂ ಮೊದಲು ತೋಚಿದ್ದು ‘ಇವರಿಂದ ಸಾಧ್ಯವಿಲ್ಲ’ ಎಂಬುದೇ.

ಈ ಶಂಕೆಯ ಮಾತು ಬಂದಾಗ ನಮ್ಮ ನಾಡಿನೊಡನೆ ನಂಟಿರುವ ಟಿಟೊ ರಾಜರ್ಷಿ ಮುಖೋಪಾಧ್ಯಾಯರನ್ನು ನೆನೆಯಬೇಕು. ಮಾತು ಬಹುಮಟ್ಟಿಗೆ ಇಲ್ಲದ ಈ ಬಾಲಕನನ್ನು ತಾಯಿ ಸೋಮಾ ಅವರು ಮೈಸೂರು, ಬೆಂಗಳೂರುಗಳಲ್ಲಿದ್ದಾಗ ಅಕ್ಷರಫಲಕವನ್ನು ತೋರಿಸಿ, ಪೆನ್ಸಿಲನ್ನು ಕೈಗೆ ಕಟ್ಟಿ, ಹಗಲಿರುಳು ಕುಳಿತು ಕಲಿಸಿದರು. 2000ದಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಆಟಿಸಂ ಸಂಘವು ಆತನ ಪುಸ್ತಕವನ್ನು ಪ್ರಕಟಿಸಿತು. ಮರುವರ್ಷ ತಾಯಿಮಗ ಅಮೆರಿಕಕ್ಕೆ ಹೋದರು. ಆ ಬಳಿಕ ‘ದಿ ಮೈಂಡ್ ಟ್ರೀ’ ಮೊದಲಾದ ಪುಸ್ತಕಗಳೂ ಕವಿತೆಗಳೂ ಬಂದಿವೆ. ತನ್ನ ದೇಹ ಚದುರಿದ ತುಂಡುಗಳಂತೆ ಭಾಸವಾಗುವುದನ್ನೂ, ಗಿರಗಿರ ತಿರುಗಿದಾಗ ಅವು ಒಂದುಗೂಡಿದಂತಾಗುವುದನ್ನೂ ಆತನು ಬರೆದಿರುವುದನ್ನು ಓದಿದ ಮೇಲೆ, ತಿರುಗುವ ಮಗುವನ್ನು ಹಿಡಿದು ನಿಲ್ಲಿಸುವ ಮುನ್ನ ನಾವು ಎರಡು ಬಾರಿ ಯೋಚಿಸುತ್ತೇವೆ.

ಆದರೆ ಓದುಗರಿಗೆ ಪೂರ್ತಿ ಸಂಗತಿಯನ್ನು ಹೇಳಬೇಕು. ಟಿಟೊ ತನ್ನ ಕೈಯಿಂದಲೇ ಬರೆಯುವುದನ್ನು ಪ್ರತ್ಯಕ್ಷ ಕಂಡವರು ದಾಖಲಿಸಿದ್ದಾರೆ. ಆತನ ತಾಯಿ ರೂಪಿಸಿ ಇತರ ಮಕ್ಕಳಿಗೂ ಬಳಸಿದ ವಿಧಾನದ ಮಾತು ಬೇರೆ. ಫಲಕವನ್ನು ಇನ್ನೊಬ್ಬರು ಹಿಡಿದು, ಮೇಲಿಂದ ಮೇಲೆ ಪ್ರಚೋದಿಸುವಾಗ ಹೊರಬರುವ ಮಾತು ಮಗುವಿನದೋ ಹಿಡಿದವರದೋ ಎಂಬುದಕ್ಕೆ ಸಾಕಷ್ಟು ಪುರಾವೆಯಿಲ್ಲವೆಂದು ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘವು 2018ರಲ್ಲಿ ಎಚ್ಚರಿಸಿ, ಅದನ್ನು ಬಳಸಬಾರದೆಂದು ಹೇಳಿದೆ. ಮಗುವಿನ ಬಾಯಲ್ಲಿ ನಮ್ಮ ಮಾತನ್ನು ತುರುಕುವುದೂ, ಮಗುವಿನ ಮಾತನ್ನು ಕಸಿದುಕೊಳ್ಳುವುದೂ ಎರಡೂ ತಪ್ಪು. ನಾವು ಎರಡನೆಯದನ್ನು ಮಾಡಿದವರು.

ಮನೆಯಲ್ಲಿ ಇಂಥ ಮಕ್ಕಳಿರುವವರು ನಮ್ಮನ್ನು ಕೇಳುವುದು ಒಂದೇ: ಔಷಧವಿದೆಯೇ? ಸ್ವಲೀನತೆಯನ್ನು ಹೋಗಲಾಡಿಸುವ ಔಷಧ ಯಾವ ಪದ್ಧತಿಯಲ್ಲಿಯೂ ಇಲ್ಲ, ನಮ್ಮಲ್ಲಿಯೂ ಇಲ್ಲ. ಚರಕರು ಹೇಳಿದ ಮಂಡೂಕಪರ್ಣಿ, ಯಷ್ಟಿಮಧು, ಗುಡೂಚಿ, ಶಂಖಪುಷ್ಪಿ ಎಂಬ ನಾಲ್ಕು ಮೇಧ್ಯ ರಸಾಯನಗಳ ಹೆಸರಿನಲ್ಲಿ ಮೂರು ತಿಂಗಳಲ್ಲಿ ಗುಣವೆಂದು ಮಾರುವವರನ್ನು ನಂಬಬೇಡಿರಿ. ಪಾರದ, ಸೀಸ ಬೆರೆತ ಭಸ್ಮಗಳನ್ನು ಮಕ್ಕಳಿಗೆ ಕೊಡಲೇಬೇಡಿರಿ. ಮಲಬದ್ಧತೆ, ನಿದ್ರಾಹೀನತೆ ಈ ಮಕ್ಕಳಲ್ಲಿ ಬಹಳ; ಅವಕ್ಕೆ ಆಹಾರ ವಿಹಾರಗಳಿಂದ ನಾವು ನೆರವಾಗಬಲ್ಲೆವು. ಹೊಟ್ಟೆಯುಬ್ಬರವನ್ನು ಹೇಳಿಕೊಳ್ಳಲಾರದ ಮಗು ತಲೆ ಬಡಿದುಕೊಳ್ಳುವುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ಎರಡು ವರ್ಷಕ್ಕೂ ಮಾತು ಬಾರದಿದ್ದರೆ, ಹೆಸರು ಕರೆದರೆ ತಿರುಗಿ ನೋಡದಿದ್ದರೆ ತಡಮಾಡದೆ ಜಿಲ್ಲಾ ಆಸ್ಪತ್ರೆಗೋ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೋ, ಬೆಂಗಳೂರಿನ ನಿಮ್ಹಾನ್ಸ್‌ಗೋ ತೋರಿಸಿರಿ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಸ್ವಲೀನತೆಯೂ ಸೇರಿದೆ. ಗುರುತಿನ ಚೀಟಿಯನ್ನು ಮಾಡಿಸಿಕೊಳ್ಳಲು ಸಂಕೋಚ ಬೇಡ.

ಇನ್ನು ಮಗು ಬರೆಯುತ್ತಿದ್ದರೆ ಬರೆಯಲಿ. ಅದೇ ಊರಿನ ಹೆಸರನ್ನು ನೂರು ಸಲ ಬರೆದರೂ ಬರೆಯಲಿ. ಬರೆಯುವ ಜಾಗವನ್ನೂ ವೇಳೆಯನ್ನೂ ಬದಲಿಸಬೇಡಿರಿ. ನಡುವೆ ಕರೆಯುವುದಿದ್ದರೆ ಐದು ನಿಮಿಷ ಮೊದಲೇ ತಿಳಿಸಿರಿ. ಟ್ಯೂಬ್‌ಲೈಟಿನ ಮಿಣುಕು, ಮಿಕ್ಸರಿನ ಸದ್ದು ನಮಗೆ ಏನೂ ಅಲ್ಲ. ಅವರಿಗೆ ಅದು ಚುಚ್ಚುವ ನೋವು. ಕೈಬರಹ ಕಷ್ಟವಾದರೆ ಮೊಬೈಲಿನಲ್ಲಿ ಒತ್ತಿ ಬರೆಯಲಿ. ಪ್ರತಿ ಸ್ವಲೀನ ಮಗುವೂ ಟ್ಯಾಮೆಟ್ ಆಗುವುದಿಲ್ಲ. ಆಗಬೇಕೆಂಬ ಭಾರವನ್ನು ಅದರ ಮೇಲೆ ಹೊರಿಸುವುದೂ ಬೇಡ.

ಕಳೆದ ಮಾಘಮಾಸದಲ್ಲಿ ನಡುವಯಸ್ಸಿನ ಗೃಹಸ್ಥರೊಬ್ಬರು ಮೊಣಕಾಲು ನೋವಿಗೆಂದು ನಮ್ಮಲ್ಲಿಗೆ ಬಂದರು. ಜೊತೆಯಲ್ಲಿ ಅವರ ತಮ್ಮ. ಆತನ ಕಂಕುಳಲ್ಲಿ ನೋಟುಬುಕ್ಕುಗಳಿದ್ದವು. ನಾವು ಗುರುತಿಸುವ ಮೊದಲೇ ಅಣ್ಣನು, “ಇಂವನ್ನ ಸಣ್ಣಾಂವಿದ್ದಾಗ ನಮ್ಮವ್ವ ಇಲ್ಲೇ ಕರಕೊಂಡ ಬಂದಿದ್ಲ್ರಿ” ಎಂದರು. ತಾಯಿ ತೀರಿ ಆರು ವರ್ಷಗಳಾಗಿವೆ. ಟ್ರಂಕಿನ ಕೀಲಿಯನ್ನು ಏಳು ತಿಂಗಳ ಬಳಿಕ ಆಕೆಯೇ ತೆಗೆದಿದ್ದರಂತೆ. ಹಳೆಯ ಬುಕ್ಕುಗಳೆಲ್ಲ ಇವೆಯೆಂದರು. ನೋಡಬಹುದೇ ಎಂದು ಕೇಳಿದೆವು.

ಮುಂದಿನ ಭೇಟಿಗೆ ಎರಡನ್ನು ತಂದರು. 1998ರ ಬುಕ್ಕಿನಲ್ಲಿ ಅವರು ನಮ್ಮಲ್ಲಿಗೆ ಬಂದ ಬಸ್ಸಿನ ವೇಳೆ, ಸಂಖ್ಯೆ, ಆಮೇಲೆ ‘ಡಾಕ್ಟರ್’ ಎಂಬ ಒಂದು ಪದ. ಅಲ್ಲಿಗೆ ಬರವಣಿಗೆ ನಿಂತು, ಉಳಿದ ಹಾಳೆಗಳು ಖಾಲಿ. ಇನ್ನೊಂದು ಆರು ವರ್ಷ ಹಿಂದಿನದು. ಅದರಲ್ಲಿ ಎಂದಿನಂತೆ ಊರುಗಳು, ವೇಳೆಗಳು. ಆದರೆ ಹನ್ನೊಂದು ದಿನಗಳ ಕಾಲ, ಹುಬ್ಬಳ್ಳಿಯಿಂದ ಬಂದ ಪ್ರತಿಯೊಂದು ಬಸ್ಸಿನ ಮುಂದೆ ‘ಅವ್ವ ಇಲ್ಲ’ ಎಂದು ಬರೆದಿತ್ತು. ತಾಯಿಯನ್ನು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಇಟ್ಟಿದ್ದ ದಿನಗಳವು ಎಂದು ಅಣ್ಣನು ಹೇಳಿದರು.

ನಾವು ಅಣ್ಣನೊಡನೆ ಮಾತಾಡುತ್ತಿದ್ದಾಗ ಆತನು ಗೋಡೆಯ ಗಡಿಯಾರವನ್ನು ನೋಡಿ, ನಮ್ಮ ಕೈಯಿಂದ ಎರಡೂ ಬುಕ್ಕುಗಳನ್ನು ತೆಗೆದುಕೊಂಡು ಬಾಗಿಲಿಗೆ ಹೋಗಿ ನಿಂತನು. ನಾಲ್ಕೂಕಾಲಾಗಿತ್ತು, ಅವರ ಬಸ್ಸು ನಾಲ್ಕೂವರೆಗೆ.